ಎಳೆಯ ಕುದುರೆಯನ್ನು ಮೊದಲ ಸ್ಪರ್ಧೆಗೆ ಅಣಿಗೊಳಿಸುವಾಗ

ಬರುವ ಚಳಿಗಾಲದಲ್ಲಿ ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದು ಏರ್ಪಡಿಸುತ್ತಿರುವ ಹಾದಿ ಸವಾರಿ ಮತ್ತು ಅಡೆತಡೆಗಳ ಸ್ಪರ್ಧೆಗೆ ನಮ್ಮ ಕೆಂಪಿಯ ಹೆಸರನ್ನು ಕೊಟ್ಟಿದ್ದೇನೆ. ಕೆಂಪಿ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ. ಅದಕ್ಕೆ ಐದು ವರ್ಷ ತುಂಬಿದೆ. ಮೈಬಣ್ಣ ಹೆಸರಿಗೆ ತಕ್ಕಂತೆ ಕೆಂಗಂದು. ಕಿವಿಗಳೆರಡೂ ಆ ತಳಿಯ ಲಕ್ಷಣದಂತೆ ಒಳಕ್ಕೆ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುವಂತಿವೆ. ತೀರ್ಥಹಳ್ಳಿಯಿಂದ ಹೊಸನಗರದ ಕಡೆಗಿರುವ ನಮ್ಮ ಊರಿನ ಅಡಿಕೆ ತೋಟ, ಅದರ ಕೆಳಗಿನ ಗದ್ದೆ ಮತ್ತು ಮೇಲಿನ ಬೇಣ (ಗುಡ್ಡದ ಹುಲ್ಲುಗಾವಲು), ಇಷ್ಟೇ ಅದು ಕಂಡಿರುವ ಲೋಕ. ದನ, ಮಂಗ, ನವಿಲು, ಟಿಲ್ಲರ್ ಇವೆಲ್ಲ ಅದಕ್ಕೆ ಪರಿಚಿತ. ಧ್ವನಿವರ್ಧಕ, ಬಣ್ಣದ ಬಾವುಟ, ಸಾಲಾಗಿ ನಿಂತ ಹೊಸ ಕುದುರೆಗಳು ಇನ್ನೂ ಪರಿಚಯವಾಗಿಲ್ಲ. ಕುದುರೆ ಸಾಕುವವರೇ ವಿರಳವಾಗಿರುವ ನಮ್ಮ ಭಾಗದಲ್ಲಿ ಇಂಥ ಸಿದ್ಧತೆಯ ಬಗ್ಗೆ ಯಾರನ್ನು ಕೇಳಬೇಕೆಂದು ತಿಳಿಯದೆ ನನ್ನನ್ನು ವಿಚಾರಿಸುವವರಿದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಮಳೆಗಾಲದಿಂದ ಇಲ್ಲಿಯವರೆಗೆ ನಾವು ಮಾಡುತ್ತ ಬಂದಿರುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಬಗೆಯ ಸ್ಪರ್ಧೆಗೆ ಮಾದರಿ ಫ್ರಾನ್ಸಿನ ‘ಟ್ರೆಕ್’. ಪ್ರವಾಸಿಗರನ್ನು ಕುದುರೆಯ ಮೇಲೆ ದೂರದ ಹಾದಿಗಳಿಗೆ ಕರೆದೊಯ್ಯುವ ಮಾರ್ಗದರ್ಶಕರು ಮತ್ತು ಅವರ ಕುದುರೆಗಳು ಆ ಕೆಲಸಕ್ಕೆ ತಕ್ಕವರೇ ಎಂದು ಪರೀಕ್ಷಿಸುವ ಸಲುವಾಗಿ ಅಲ್ಲಿ ಅದು ರೂಪುಗೊಂಡಿತು. ಅದರಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದು ನಕ್ಷೆಯನ್ನು ಓದಿಕೊಂಡು, ಗೊತ್ತುಪಡಿಸಿದ ವೇಗದಲ್ಲಿ ಹಾದಿಯನ್ನು ಕ್ರಮಿಸುವುದು. ಎರಡನೆಯದು ಕುದುರೆಯ ಗತಿಯ ಮೇಲೆ ಸವಾರನಿಗಿರುವ ಹಿಡಿತ. ಮೂರನೆಯದು ಗರಿಷ್ಠ 16 ಅಡೆತಡೆಗಳ ಓಟದ ದಾರಿ, ಒಂದೊಂದಕ್ಕೂ 10 ಅಂಕ. ಎರಡನೆಯ ಘಟ್ಟದಲ್ಲಿ ಸುಮಾರು 150 ಮೀಟರ್ ಉದ್ದದ ಕಿರಿದಾದ ಪಟ್ಟಿಯೊಳಗೆ ಕುದುರೆಯನ್ನು ಕ್ಯಾಂಟರ್ ಎಂಬ ನೆಗೆತದ ಓಟದ ಗತಿಯಲ್ಲಿ ಸಾಧ್ಯವಾದಷ್ಟು ನಿಧಾನವಾಗಿ ಓಡಿಸಬೇಕು, ಮತ್ತೆ ಅದೇ ಪಟ್ಟಿಯಲ್ಲಿ ಸಾಧ್ಯವಾದಷ್ಟು ಬಿರುಸಾಗಿ ನಡೆಸಬೇಕು; ಮಧ್ಯೆ ಗತಿ ಮುರಿದರೆ ಅಂಕವಿಲ್ಲ. ಓಡುವಾಗ ತಾಳ್ಮೆಯನ್ನೂ ನಡೆಯುವಾಗ ಉತ್ಸಾಹವನ್ನೂ ಕೇಳುವ ಈ ಪರೀಕ್ಷೆ ನನಗೆ ಬಹಳ ಹಿಡಿಸಿದೆ. ನಾವು ಹೋಗುತ್ತಿರುವ ಸ್ಪರ್ಧೆಯಲ್ಲಿ ನಕ್ಷೆಯ ಭಾಗವನ್ನು ಬಿಟ್ಟು, ಗುರುತು ಹಾಕಿದ ಕೆಲವು ಕಿಲೋಮೀಟರ್‌ಗಳ ಹಾದಿಯನ್ನೂ ಕಡಿಮೆ ಸಂಖ್ಯೆಯ ಅಡೆತಡೆಗಳನ್ನೂ ಇಟ್ಟಿದ್ದಾರೆ.

ಅಡೆತಡೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುದುರೆಗೆ ಅವುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವ ಕ್ರಮದಲ್ಲಿ ನನಗೆ ನಂಬಿಕೆಯಿಲ್ಲ. ಇಲ್ಲಿ ಮರದ ಹಲಗೆಯ ಸೇತುವೆಯನ್ನು ದಾಟಲು ಕಲಿತ ಕುದುರೆ, ಅಲ್ಲಿ ಅದೇ ಸೇತುವೆಗೆ ಬಿಳಿ ಬಣ್ಣ ಬಳಿದು ಎರಡು ಬದಿಗೂ ಹೂಕುಂಡ ಇಟ್ಟಿದ್ದರೆ, ಅದನ್ನು ಹೊಸ ವಸ್ತುವೆಂದೇ ಭಾವಿಸುತ್ತದೆ. ಆದ್ದರಿಂದ ಕಲಿಸಬೇಕಾದದ್ದು ಸೇತುವೆಯನ್ನಲ್ಲ, ಅರಿಯದ ವಸ್ತು ಎದುರಾದಾಗ ಏನು ಮಾಡಬೇಕೆಂಬುದನ್ನು. ಹೆದರಿದ ಕುದುರೆಗೆ ಹುಟ್ಟಿನಿಂದ ಬಂದಿರುವ ಉತ್ತರ ಒಂದೇ, ಓಡುವುದು. ಆ ಉತ್ತರದ ಜಾಗದಲ್ಲಿ ನಿಲ್ಲುವುದು, ತಲೆ ತಗ್ಗಿಸಿ ನೋಡುವುದು, ಮೂಸುವುದು, ಕೇಳಿದಾಗ ಒಂದು ಕಾಲನ್ನು ಮುಂದಿಡುವುದು ಎಂಬ ಬೇರೊಂದು ಕ್ರಮ ಅದರ ಮೈಗೆ ಹತ್ತಬೇಕು. ನಮ್ಮ ಇಷ್ಟು ದಿನಗಳ ಕೆಲಸವೆಲ್ಲ ಈ ಒಂದು ಕ್ರಮವನ್ನು ಹತ್ತಿಸುವುದಕ್ಕೇ ಸಂದಿದೆ.

ಕುದುರೆ ಲೋಕವನ್ನು ಹೇಗೆ ನೋಡುತ್ತದೆ ಎಂಬುದನ್ನು ತಿಳಿಯದೆ ಈ ಕೆಲಸಕ್ಕೆ ಇಳಿಯಬಾರದು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಗಳಷ್ಟು ಸುತ್ತಲಿನದು ಕಾಣುತ್ತದೆ. ಆದರೆ ಎರಡೂ ಕಣ್ಣುಗಳು ಕೂಡಿ ಒಂದೇ ವಸ್ತುವನ್ನು ನೋಡುವ ವಲಯ ಬಹಳ ಕಿರಿದು. ಬೆನ್ನ ಹಿಂದಿನದು, ಹಣೆಯ ನೇರ ಮುಂದಿನದು ಮತ್ತು ಮೂಗಿನ ಕೆಳಗಿನದು ಅದಕ್ಕೆ ಕಾಣುವುದೇ ಇಲ್ಲ. ಕಾಲ ಬುಡದ ನೆಲವನ್ನು ಅಳೆಯಬೇಕಾದರೆ ಅದು ತಲೆಯನ್ನು ಇಳಿಸಲೇಬೇಕು. ಅಂಥ ಹೊತ್ತಿನಲ್ಲಿ ಸವಾರರು ಭಯದಿಂದ ಲಗಾಮನ್ನು ಬಿಗಿದರೆ, ನೋಡಲು ಹೊರಟ ಕುದುರೆಯ ಕಣ್ಣನ್ನು ಮುಚ್ಚಿದ ಹಾಗೆಯೇ ಆಗುತ್ತದೆ. ಇನ್ನೊಂದು ಸಂಗತಿ, ಬಿಸಿಲಿನಿಂದ ನೆರಳಿಗೆ ಬಂದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಗದ್ದೆಯ ಬಯಲಿನಿಂದ ಅಡಿಕೆ ತೋಟದ ಕತ್ತಲಿಗೆ ಪ್ರವೇಶಿಸುವ ಜಾಗದಲ್ಲಿ ಕೆಂಪಿ ಪ್ರತಿಬಾರಿಯೂ ನಿಲ್ಲುತ್ತಿದ್ದುದಕ್ಕೆ ಕಾರಣ ಇದೇ. ನಮ್ಮ ಊರಿನ ಜನ ಅದನ್ನು ಹಟವೆಂದು ಕರೆದರು. ನಾವು ಅಲ್ಲಿ ಪ್ರತಿದಿನ ಒಂದೆರಡು ನಿಮಿಷ ಸುಮ್ಮನೆ ನಿಂತು, ಅದು ತಾನಾಗಿ ಉಸಿರು ಬಿಟ್ಟು ತಲೆ ಇಳಿಸಿದ ಮೇಲೆ ಒಳಗೆ ಹೋಗುವ ರೂಢಿ ಮಾಡಿದೆವು. ಈಗ ಅದು ಆ ಗಡಿಯಲ್ಲಿ ಗತಿಯನ್ನು ಮಾತ್ರ ತುಸು ತಗ್ಗಿಸುತ್ತದೆ.

ಮಲೆನಾಡಿನಲ್ಲಿ ಇರುವವರಿಗೆ ಅಡೆತಡೆಗಳನ್ನು ಕೊಂಡು ತರುವ ಅಗತ್ಯವಿಲ್ಲ. ಉಣಗೋಲು (ಕಂಬಗಳ ತೂತಿಗೆ ಬಿದಿರ ಗಳ ತೂರಿಸಿ ಮಾಡಿದ ಬೇಲಿಬಾಗಿಲು), ಸಂಕ (ಕಾಲುಸೇತುವೆ), ಹಳ್ಳ, ದರೆಯ ಇಳಿಜಾರು, ಬಸಿಗಾಲುವೆ, ಮಳೆಗಾಲದ ನೀಲಿ ಟಾರ್ಪಾಲು, ತಲೆಯ ಮೇಲಿಂದ ಇದ್ದಕ್ಕಿದ್ದಂತೆ ಉದುರಿ ಬೀಳುವ ಅಡಿಕೆ ಹಾಳೆ, ಇವೆಲ್ಲ ಯಾವ ಸವಾರಿ ಶಾಲೆಯ ಅಂಗಳದಲ್ಲೂ ಇಷ್ಟು ಸಮೃದ್ಧವಾಗಿ ಸಿಗುವುದಿಲ್ಲ. ಅಲ್ಲದೆ ಮಲೆನಾಡಿಗೆ ಕುದುರೆ ಹೊಸತೂ ಅಲ್ಲ. ಕೆಳದಿಯ ಅರಸರ ಕಾಲದಲ್ಲಿ ಈ ಬೆಟ್ಟಗಳ ನಡುವೆ ಕುದುರೆಗಳು ಓಡಾಡಿಕೊಂಡಿದ್ದವು. ಬಳ್ಳಿಗಾವೆ ಮತ್ತು ಸೊರಬದ ಕಡೆಯ ವೀರಗಲ್ಲುಗಳನ್ನು ನೋಡಿದವರಿಗೆ ಕುದುರೆಯೇರಿದ ವೀರರು ಅಪರಿಚಿತರಲ್ಲ. ಕವಲೇದುರ್ಗದ ಕಲ್ಲು ಹಾಸಿದ ಏರುದಾರಿಯಲ್ಲಿ ನಡೆಯುವಾಗಲೆಲ್ಲ, ಮಳೆಯಲ್ಲಿ ನುಣುಪಾದ ಆ ಕಲ್ಲುಗಳ ಮೇಲೆ ಲಾಳ ಕಟ್ಟಿದ ಕಾಲುಗಳನ್ನು ಜಾರದಂತೆ ನಡೆಸಿದವರ ಕೌಶಲವನ್ನು ನಾನು ಗೌರವದಿಂದ ನೆನೆಯುತ್ತೇನೆ.

ಸಂಕದ ವಿಷಯಕ್ಕೆ ಬರುತ್ತೇನೆ. ಜನ ದಾಟುವುದಕ್ಕೆಂದು ಎರಡು ಅಡಿಕೆ ಮರಗಳನ್ನು ಅಡ್ಡ ಹಾಕಿ ಮಾಡಿದ ಸಂಕದ ಮೇಲೆ ಕುದುರೆಯನ್ನು ಎಂದಿಗೂ ಹತ್ತಿಸಬಾರದು. ಒಮ್ಮೆ ಕಾಲು ಸಿಕ್ಕಿಕೊಂಡರೆ ಆ ಕುದುರೆಯ ಬದುಕೇ ಮುಗಿದಂತೆ. ನಾವು ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದಕ್ಕೆ ದಪ್ಪನೆಯ ಮತ್ತಿ ಹಲಗೆಗಳನ್ನು ಅಡ್ಡ ತೊಲೆಗಳ ಮೇಲೆ ಜಡಿಸಿ, ಮೊದಲು ಅಂಗಳದ ನೆಲದ ಮೇಲೆಯೇ ಇಟ್ಟೆವು. ಎತ್ತರವಿಲ್ಲದಿದ್ದರೂ ಹಲಗೆಯ ಕೆಳಗೆ ಟೊಳ್ಳು ಇರುವುದರಿಂದ ಗೊರಸು ತಾಗಿದೊಡನೆ ದಬ್ಬೆಂಬ ಸದ್ದು ಬರುತ್ತದೆ. ಎಳೆಯ ಕುದುರೆಯನ್ನು ಹೆದರಿಸುವುದು ಬಹುಮಟ್ಟಿಗೆ ಆ ಸದ್ದೇ, ಹಲಗೆಯಲ್ಲ. ಕೆಂಪಿಯನ್ನು ಮೊದಲ ಸಲ ಅದರ ಮುಂದೆ ನಿಲ್ಲಿಸಿದಾಗ ಅದು ಮುಂಗಾಲುಗಳೆರಡನ್ನೂ ಹಲಗೆಯ ಅಂಚಿಗೆ ಸರಿಯಾಗಿ ಊರಿ, ಕತ್ತನ್ನು ನೀಳವಾಗಿ ಚಾಚಿ, ಮೂಗಿನ ಹೊಳ್ಳೆಗಳನ್ನು ಅರಳಿಸಿ ಹಲಗೆಯ ಮೇಲೆ ಊದಿತು. ಮರದ ಹೊಟ್ಟು ಹಾರಿ ತುಟಿಗೆ ಅಂಟಿಕೊಂಡಿತು. ಬಲಗಾಲನ್ನು ಎತ್ತಿ ಹಲಗೆಯನ್ನು ಒಮ್ಮೆ ತಟ್ಟಿ, ಸದ್ದಿಗೆ ಬೆಚ್ಚಿ ಹಿಂದಕ್ಕೆಳೆದು, ಕಿವಿಗಳನ್ನು ಆ ಜಾಗಕ್ಕೇ ನೆಟ್ಟು ನಿಂತಿತು. ಹಗ್ಗದ ಮೇಲಿನ ನನ್ನ ಕೈ ತುಸು ಬಿಗಿಯಾದದ್ದನ್ನು ಕಂಡು, ಎತ್ತುಗಳೊಡನೆ ಆಯುಷ್ಯ ಕಳೆದಿರುವ, ನಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರು ಪಕ್ಕದಿಂದ, “ಎಳೀಬೇಡಿ ಅಮ್ಮಾ, ಅದು ಯೋಚ್ನೆ ಮಾಡ್ತಾ ಅದೆ, ಮಾಡ್ಲಿ ಬಿಡಿ” ಎಂದರು. ಮತ್ತೆ ತಟ್ಟಿತು, ಈ ಸಲ ಕಾಲನ್ನು ತೆಗೆಯಲಿಲ್ಲ. ಅಷ್ಟಕ್ಕೇ ಅಂದಿನ ಪಾಠವನ್ನು ಮುಗಿಸಿ ಅದನ್ನು ಮೇಯಲು ಬಿಟ್ಟೆವು. ನಾಲ್ಕೂ ಕಾಲು ಹಲಗೆಯ ಮೇಲೆ ಬರಲು ಇನ್ನಷ್ಟು ದಿನಗಳು ಹಿಡಿದವು. ಒಮ್ಮೆ ಬಂದ ಮೇಲೆ ಅದೇ ಹಲಗೆಯನ್ನು ಬಸಿಗಾಲುವೆಯ ಮೇಲೆ ಅಡ್ಡ ಹಾಕಿದಾಗ ಕೆಂಪಿ ಮೂಸಿ ನೋಡಿ ನೇರವಾಗಿ ನಡೆದುಹೋಯಿತು.

ಕೆಲಸವನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆಗೆ ನಾನು ಅತಿ ಹೆಚ್ಚಿನ ಬೆಲೆ ಕೊಡುತ್ತೇನೆ. ಕುದುರೆ ಕಲಿಯುವುದು ನಾವು ಒತ್ತಡ ಹಾಕಿದಾಗ ಅಲ್ಲ, ಒತ್ತಡವನ್ನು ತೆಗೆದ ಕ್ಷಣದಲ್ಲಿ. ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಹಗ್ಗ ಸಡಿಲವಾದರೆ, ಹೆಜ್ಜೆ ಇಡುವುದೇ ಸರಿಯಾದ ಉತ್ತರವೆಂದು ಅದಕ್ಕೆ ತಿಳಿಯುತ್ತದೆ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ, ಅಥವಾ ಅದು ಹಿಂದೆ ಸರಿದ ಗಳಿಗೆಯಲ್ಲಿ ಸಡಿಲ ಬಿಟ್ಟರೆ, ನಾವು ಬಯಸದ ಪಾಠವನ್ನೇ ಅದು ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ. ಹೀಗಾಗಿ ಕೈಯ ಸಮಯಜ್ಞಾನ ಮೊದಲು ಕಲಿಸುವವರಿಗೆ ಬರಬೇಕು.

ಟಾರ್ಪಾಲಿನ ಪಾಠ ಮಳೆಗಾಲದಲ್ಲೇ ಆಯಿತು. ಕುದುರೆಗೆ ಬಣ್ಣಗಳಲ್ಲಿ ನೀಲಿ ಮತ್ತು ಹಳದಿ ಚೆನ್ನಾಗಿ ಬೇರೆಬೇರೆಯಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರುಗಳ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯುವುದು ಕಷ್ಟ. ಹಸಿರು ಹುಲ್ಲಿನ ಮೇಲೆ ಹಾಸಿದ ನೀಲಿ ಟಾರ್ಪಾಲು ನಮಗಿಂತಲೂ ಅದಕ್ಕೆ ಹೆಚ್ಚು ಎದ್ದು ಕಾಣುವ ವಸ್ತುವೆಂಬುದನ್ನು ನೆನಪಿಡಬೇಕು. ಮೊದಲು ಅದನ್ನು ಚಿಕ್ಕದಾಗಿ ಮಡಚಿ ಲಾಯದ ಬಳಿ ಇಟ್ಟೆವು, ಆಮೇಲೆ ಪಕ್ಕದಲ್ಲೇ ಹುಲ್ಲು ಹಾಕಿದೆವು, ಆಮೇಲೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದೆವು. ಸರಬರ ಸದ್ದನ್ನು ಅದರ ಕಿವಿಗೆ ಒಗ್ಗಿಸಲು ಟಾರ್ಪಾಲನ್ನು ಅದರಿಂದ ದೂರಕ್ಕೆ ಎಳೆದುಕೊಂಡು ಹೋಗುತ್ತ ಕುದುರೆ ಹಿಂಬಾಲಿಸುವಂತೆ ಮಾಡುವುದು ಒಳ್ಳೆಯ ಉಪಾಯ; ತನ್ನಿಂದ ದೂರ ಸರಿಯುವ ವಸ್ತುವಿಗೆ ಕುದುರೆ ಹೆದರುವುದು ಕಡಿಮೆ, ಅದರ ಬೆನ್ನು ಹತ್ತುವ ಕುತೂಹಲವೇ ಹೆಚ್ಚು. ಸ್ಪರ್ಧೆಯಲ್ಲಿ ಕಂಬಕ್ಕೆ ತೂಗುಹಾಕಿದ ಮಳೆಯಂಗಿಯನ್ನು ಸವಾರರು ಕುದುರೆಯ ಮೇಲಿಂದಲೇ ತೆಗೆದು ತೊಡಬೇಕಾದ ಒಂದು ಅಡೆತಡೆ ಇರುತ್ತದೆ. ನಾಲ್ಕು ತಿಂಗಳು ಮಳೆಯಂಗಿಯಲ್ಲೇ ಓಡಾಡುವ ನಮಗೆ ಅದನ್ನು ಅಭ್ಯಾಸ ಮಾಡಿಸುವುದಕ್ಕೆ ಪ್ರತ್ಯೇಕ ಸಮಯ ಬೇಕಾಗಲಿಲ್ಲ.

ಬಾಗಿಲು ತೆರೆಯುವ ಅಡೆತಡೆ ನನ್ನ ಮೆಚ್ಚಿನದು. ಸವಾರ ಇಳಿಯದೆ ಬಾಗಿಲನ್ನು ತೆರೆದು, ದಾಟಿ, ಕೈ ಬಿಡದೆ ಮತ್ತೆ ಮುಚ್ಚಬೇಕು. ಇದಕ್ಕೆ ಕುದುರೆ ಬಾಗಿಲಿಗೆ ಸಮಾನಾಂತರವಾಗಿ ನಿಲ್ಲಬೇಕು, ಪಕ್ಕಕ್ಕೆ ಹೆಜ್ಜೆ ಹಾಕಬೇಕು, ಹಿಂದಕ್ಕೆ ಸರಿಯಬೇಕು, ಮುಂಗಾಲುಗಳನ್ನು ಊರಿಕೊಂಡು ಹಿಂಗಾಲುಗಳನ್ನು ಸುತ್ತಿಸಬೇಕು. ಅಂದರೆ ನಾಲ್ಕು ಕಾಲುಗಳಲ್ಲಿ ಯಾವುದನ್ನು ಕೇಳಿದರೂ ಆ ಒಂದನ್ನು ಮಾತ್ರ ಕೊಡಬೇಕು. ನಮ್ಮ ಬೇಣದ ಉಣಗೋಲಿನ ಮೇಲ್ತುದಿಯ ಬಿದಿರಿನ ಗಳವನ್ನು ಬಳಸಿ ಇದನ್ನು ಅಭ್ಯಾಸ ಮಾಡಿಸಿದ್ದೇವೆ. ಗಳದ ತುದಿಯನ್ನು ಹಿಡಿದುಕೊಂಡು ಕುಳಿತರೆ, ಕುದುರೆ ಹಿಂದಕ್ಕೆ ಹೆಜ್ಜೆ ಇಟ್ಟಂತೆಲ್ಲ ಗಳ ಕಂಬದ ತೂತಿನಿಂದ ಕರಕರ ಸದ್ದು ಮಾಡುತ್ತ ಜಾರಿ ಬರುತ್ತದೆ. ಮುಂದಕ್ಕೆ ನಡೆದರೆ ಮತ್ತೆ ತೂತಿನೊಳಗೆ ಹೋಗುತ್ತದೆ. ಹೆಜ್ಜೆ ಓರೆಯಾದರೆ ಗಳ ತೂತಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ, ಆದ್ದರಿಂದ ನೇರವಾಗಿ ಹಿಂದೆ ಸರಿಯುವುದನ್ನು ಕುದುರೆಗೂ ಸವಾರರಿಗೂ ಆ ಗಳವೇ ಕಲಿಸಿತೆನ್ನಬಹುದು. ಇದನ್ನು ಮಾಡುವವರು ಕೆಳಗಿನ ಗಳಗಳನ್ನು ಮೊದಲೇ ಪೂರ್ತಿಯಾಗಿ ತೆಗೆದಿಡಬೇಕು, ಹಿಡಿದ ಗಳವನ್ನು ಯಾವ ಗಳಿಗೆಯಲ್ಲಾದರೂ ಬಿಟ್ಟುಬಿಡಲು ಸಿದ್ಧರಿರಬೇಕು, ಮತ್ತು ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು ನಡೆಸುವುದನ್ನು ಅದಕ್ಕೂ ಮುಂಚೆ ಬಯಲಿನಲ್ಲಿ ಗಟ್ಟಿ ಮಾಡಿಕೊಂಡಿರಬೇಕು.

ನೀರಿನ ವಿಷಯದಲ್ಲಿ ಕೆಂಪಿ ಇನ್ನೂ ಪೂರ್ತಿ ಪಳಗಿಲ್ಲ. ಹರಿಯುವ ಹಳ್ಳವನ್ನು ದಾಟುತ್ತದೆ. ನಿಂತ ಕೆಸರುನೀರಿನ ಹೊಂಡವನ್ನು ಸುತ್ತಿಕೊಂಡು ಹೋಗಲು ನೋಡುತ್ತದೆ. ನೀರಿನ ಮೇಲ್ಮೈ ಬೆಳಕನ್ನು ಪ್ರತಿಫಲಿಸುವುದರಿಂದ ಅದರ ಆಳ ಕುದುರೆಗೆ ತಿಳಿಯದು. ಆಳ ತಿಳಿಯದ ಜಾಗಕ್ಕೆ ಕಾಲಿಡದಿರುವುದು ವಿವೇಕವೇ ಹೊರತು ತಪ್ಪಲ್ಲ. ತಳ ಗಟ್ಟಿಯಿರುವ, ಅಂಚು ಇಳಿಜಾರಾಗಿರುವ ಜಾಗವನ್ನು ಮೊದಲು ನಾನೇ ಇಳಿದು ನೋಡಿ, ಪಳಗಿದ ಇನ್ನೊಂದು ಪ್ರಾಣಿಯನ್ನು ಮುಂದೆ ಬಿಟ್ಟು ಹಿಂದಿನಿಂದ ಕೆಂಪಿಯನ್ನು ಕರೆದೊಯ್ಯುತ್ತೇನೆ. ಬೇರೆ ಕುದುರೆಯಿಲ್ಲದ ನಮ್ಮ ಊರಿನಲ್ಲಿ ಆ ಕೆಲಸವನ್ನು ಮನೆಯ ಹಸುವೇ ಮಾಡುತ್ತಿದೆ, ಮತ್ತು ಬಹಳ ಚೆನ್ನಾಗಿ ಮಾಡುತ್ತಿದೆ.

ಕುದುರೆಯನ್ನು ಒಂದು ವೃತ್ತದೊಳಗೆ ನಿಲ್ಲಿಸಿ, ಸವಾರ ಹೊರಗೆ ಬಂದು ನಿಂತು, ಗೊತ್ತುಪಡಿಸಿದಷ್ಟು ಹೊತ್ತು ಅದು ಕದಲದಂತಿರುವ ಪರೀಕ್ಷೆಯೂ ಇದೆ. ನೋಡುವವರಿಗೆ ಇದು ಸುಲಭವೆಂದು ತೋರಬಹುದು; ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಅಡೆತಡೆಗಳ ಬೇರು ಇದರಲ್ಲಿದೆ. ಜೀನು ಹಾಕುವಾಗ, ಹತ್ತುವಾಗ, ಬಾಗಿಲು ಬಿಚ್ಚುವಾಗ, ದಾರಿಯಲ್ಲಿ ಯಾರೊಡನೆಯೋ ಮಾತನಾಡುವಾಗ ದಿನವೂ ನಿಲ್ಲಿಸಿ ನಿಲ್ಲಿಸಿಯೇ ಇದನ್ನು ಕಲಿಸಬೇಕು. ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನಗಳಲ್ಲಿ ಕೆಂಪಿಯನ್ನು ತೋಟದ ಅಂಚಿನಲ್ಲಿ ನಿಲ್ಲಿಸಿಕೊಂಡು ಇರುವುದು ನಮ್ಮ ಅಭ್ಯಾಸ. ಮೇಲಿಂದ ಕೊನೆಗಳು ಹಗ್ಗದಲ್ಲಿ ಜಾರಿ ಇಳಿಯುವುದು, ಜನ ಕೂಗಿ ಮಾತನಾಡುವುದು, ಹಾಳೆ ದೊಪ್ಪೆಂದು ಬೀಳುವುದು, ಇವೆಲ್ಲದರ ನಡುವೆ ಕತ್ತನ್ನು ಸಡಿಲ ಬಿಟ್ಟು, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟುಕೊಂಡು ಅದು ನಿಲ್ಲತೊಡಗಿದ ದಿನ ನನಗೆ ಸ್ಪರ್ಧೆಗೆ ಹೆಸರು ಕೊಡುವ ಧೈರ್ಯ ಬಂತು.

ಇನ್ನು ದೇಹದ ಸಂಗತಿ. ಕುದುರೆಯ ಮೂಳೆಗಳ ಬೆಳವಣಿಗೆ ಕೆಳಗಿನಿಂದ ಮೇಲಕ್ಕೆ ಮುಗಿಯುತ್ತ ಬರುತ್ತದೆ. ಮುಂಗಾಲ ಮೊಣಕಾಲಿನ ಮೇಲಿನ ಮೂಳೆಯ ಬೆಳವಣಿಗೆಯ ಪದರ ಎರಡು, ಎರಡೂವರೆ ವರ್ಷಕ್ಕೆ ಗಟ್ಟಿಯಾದರೆ, ಬೆನ್ನುಮೂಳೆಯದು ಪೂರ್ಣಗೊಳ್ಳಲು ಐದು ವರ್ಷ ದಾಟಬೇಕು. ಆದ್ದರಿಂದಲೇ ಕೆಂಪಿಗೆ ನಾಲ್ಕು ತುಂಬುವವರೆಗೆ ನಾನು ಅದರ ಬೆನ್ನ ಮೇಲೆ ಕುಳಿತಿರಲಿಲ್ಲ, ಈಗಲೂ ಇಳಿಜಾರಿನಲ್ಲಿ ಓಡಿಸುವುದಿಲ್ಲ. ಎರಡು ವರ್ಷದ ಕುದುರೆಗೆ ಜೀನು ಬಿಗಿದು ಮೆರವಣಿಗೆ ಮಾಡಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಸವಾರ ಮತ್ತು ಜೀನು ಸೇರಿದ ಭಾರ ಕುದುರೆಯ ತೂಕದ ಶೇ. 20ನ್ನು ಮೀರಬಾರದೆಂಬುದು ಸಾಮಾನ್ಯ ಮಿತಿ. ತೂಕದ ಯಂತ್ರ ಇಲ್ಲದವರು ಎದೆಯ ಸುತ್ತಳತೆಯ ವರ್ಗವನ್ನು ಭುಜದಿಂದ ಪೃಷ್ಠದವರೆಗಿನ ಉದ್ದದಿಂದ ಗುಣಿಸಿ, ಎರಡೂ ಸೆಂಟಿಮೀಟರ್‌ಗಳಲ್ಲಿರುವಂತೆ ನೋಡಿಕೊಂಡು, 11,880ರಿಂದ ಭಾಗಿಸಬಹುದು. ಕೆಂಪಿಯ ಸುತ್ತಳತೆ 165, ಉದ್ದ 150. ಲೆಕ್ಕಕ್ಕೆ ಸುಮಾರು 344 ಕಿಲೋ ಬರುತ್ತದೆ. ಅದು ಹೊರಬಹುದಾದದ್ದು ಹೆಚ್ಚೆಂದರೆ 69 ಕಿಲೋ, ಎಳೆಯದಾದ್ದರಿಂದ ಅದಕ್ಕಿಂತ ಕಡಿಮೆಯೇ ಇರುವುದು ಒಳ್ಳೆಯದು.

ದಮ್ಮು ಬೆಳೆಸಲು ನಾವು ಆರಿಸಿಕೊಂಡಿರುವುದು ನಡಿಗೆಯನ್ನು. ಗದ್ದೆಯ ಬದಿಯ ಮಣ್ಣಿನ ರಸ್ತೆಯಲ್ಲಿ ದೀರ್ಘ ನಡಿಗೆ, ನಡುವೆ ಸಣ್ಣ ಸಣ್ಣ ಟ್ರಾಟ್ (ಹಗುರ ಓಟ), ವಾರಕ್ಕೊಮ್ಮೆ ಬೇಣದ ಏರು. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ದೂರದ ಸವಾರಿಯ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತಪಾಸಣೆಗೆ ಬಂದಾಗ ಅದು 64ಕ್ಕೆ ಇಳಿದಿರಬೇಕೆಂಬ ನಿಯಮವಿದೆ. ನಮ್ಮ ಸಣ್ಣ ಹಾದಿಗೆ ಆ ನಿಯಮ ಅನ್ವಯಿಸದಿದ್ದರೂ ನಾನು ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಎಡ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ಏರು ಮುಗಿಸಿ ಬಂದು ನೀರು ಸುರಿದ ಮೇಲೂ ಬಡಿತ ಬೇಗನೆ ಇಳಿಯದಿದ್ದರೆ ಮರುದಿನ ವಿಶ್ರಾಂತಿ.

ಮೇವಿನ ಬಗ್ಗೆ ನಮ್ಮ ಭಾಗದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ದನಗಳಿಗಾಗಿ ಬೆಳೆಸುವ ನೇಪಿಯರ್, ಗಿನಿ ಮುಂತಾದ ಹುಲ್ಲುಗಳಲ್ಲಿ ಆಕ್ಸಲೇಟ್ ಎಂಬ ಅಂಶವಿದ್ದು ಅದು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಕುದುರೆಗೆ ಆ ಅನುಕೂಲ ಅಷ್ಟಿಲ್ಲ. ಬರೀ ಈ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿ, ಜೊತೆಗೆ ರಂಜಕ ಹೆಚ್ಚಿರುವ ತೌಡನ್ನೂ ಕೊಟ್ಟರೆ ಕುದುರೆಯ ಮೂಳೆಗಳಿಂದಲೇ ಸುಣ್ಣದ ಅಂಶ ಕರಗಿಹೋಗಿ, ಮುಖದ ಮೂಳೆ ಊದಿಕೊಂಡು, ಕುಂಟತೊಡಗುತ್ತದೆ. ಬೇಣದ ನೈಸರ್ಗಿಕ ಹುಲ್ಲು, ಗರಿಕೆ ಮತ್ತು ಬಯಲುಸೀಮೆಯಿಂದ ತರಿಸುವ ಕುದುರೆ ಮಸಾಲೆ ಸೊಪ್ಪು ನಮ್ಮ ಮುಖ್ಯ ಮೇವು. ನೆನೆಸಿ ಬೇಯಿಸಿದ ಹುರುಳಿಯನ್ನು ಕೆಲಸಕ್ಕೆ ತಕ್ಕಂತೆ ಅಳೆದು ಕೊಡುತ್ತೇವೆ. ಭತ್ತದ ಹುಲ್ಲು ಕುದುರೆಯ ಕರುಳಿನಲ್ಲಿ ಗಂಟುಕಟ್ಟುವ ಸಂಭವವಿರುವುದರಿಂದ ಅದನ್ನು ಮಲಗುವ ಹಾಸಿಗೆಗೂ ಬಳಸುವುದಿಲ್ಲ. ಕುದುರೆ ವಾಂತಿ ಮಾಡಲಾರದ ಪ್ರಾಣಿ; ಹೊಟ್ಟೆಶೂಲೆ ಬಂದರೆ ಕಾಯುವುದಕ್ಕೆ ಸಮಯವಿರುವುದಿಲ್ಲ. ಮೇವಿನ ಯಾವುದೇ ಬದಲಾವಣೆ ಸ್ಪರ್ಧೆಯ ಹೊತ್ತಿಗೆ ಆಗಬಾರದು. ಸ್ಪರ್ಧೆಯ ಜಾಗಕ್ಕೂ ಇಲ್ಲಿಯ ಮೇವನ್ನೇ ಒಯ್ಯುತ್ತೇವೆ.

ಮಳೆಗಾಲದಲ್ಲಿ ಗೊರಸು ಕೊಳೆಯುವುದೇ ದೊಡ್ಡ ಚಿಂತೆಯಾಗಿತ್ತು. ದಿನವೂ ಕೆರೆದು, ಒಣ ಜಾಗದಲ್ಲಿ ನಿಲ್ಲಿಸಿ ಕಾಪಾಡಿಕೊಂಡೆವು. ಎತ್ತಿಗೆ ಲಾಳ ಕಟ್ಟುವವರು ನಮ್ಮಲ್ಲಿ ಇದ್ದಾರೆ, ಆದರೆ ಕುದುರೆಯ ಗೊರಸಿನ ಕೆಲಸ ತಿಳಿದವರು ದೂರದಿಂದ ಬರಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಅವರನ್ನು ಕರೆಸುತ್ತೇವೆ. ಸ್ಪರ್ಧೆಗೆ ಒಂದು ವಾರಕ್ಕಿಂತ ಮುಂಚೆಯೇ ಲಾಳದ ಕೆಲಸ ಮುಗಿದಿರಬೇಕು; ಮೊಳೆ ಎಲ್ಲಾದರೂ ಒತ್ತಿದ್ದರೆ ಅಷ್ಟರಲ್ಲಿ ತಿಳಿದುಬರುತ್ತದೆ.

ಮಳೆ ನಿಂತ ಮೇಲೆ ಇಂಬಳದ ಕಾಟ ತಗ್ಗಿದರೆ ಉಣುಗಿನದು ಶುರುವಾಗುತ್ತದೆ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರಿನಿಂದ ಮೇವರೆಗೆ ನಾನು ಕೆಂಪಿಯನ್ನು ಕಾನಿನೊಳಗೆ (ದಟ್ಟ ಕಾಡಿನೊಳಗೆ) ಒಯ್ಯುವುದಿಲ್ಲ. ಅಭ್ಯಾಸವೆಲ್ಲ ರಸ್ತೆ, ಗದ್ದೆ ಮತ್ತು ತೋಟಗಳಲ್ಲೇ. ಅಭಯಾರಣ್ಯ ಮತ್ತು ಮೀಸಲು ಅರಣ್ಯಗಳಲ್ಲಿ ಅನುಮತಿಯಿಲ್ಲದೆ ಸವಾರಿ ಮಾಡುವಂತಿಲ್ಲ ಎಂಬುದನ್ನೂ ಹೊಸಬರು ಮರೆಯಬಾರದು. ಮನೆಗೆ ಬಂದ ಕೂಡಲೇ ಕುದುರೆಯ ಕಿವಿಯೊಳಗೆ, ಜೂಲಿನ ಬುಡದಲ್ಲಿ, ತೊಡೆಸಂದಿಯಲ್ಲಿ ಉಣುಗು ಹುಡುಕುವುದು, ಆಮೇಲೆ ನಾವೂ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಲು ಹಾಕುವುದು ನಡೆದುಬಂದಿದೆ. ಕುದುರೆನೊಣಗಳ ಕಡಿತದಿಂದ ಹರಡುವ ಸರ್ರಾ ರೋಗವೂ ನಮ್ಮ ದೇಶದ ಕುದುರೆಗಳನ್ನು ಕಾಡುವಂಥದ್ದು. ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಸೊರಗುವಿಕೆ ಕಂಡರೆ ರಕ್ತಪರೀಕ್ಷೆ ಮಾಡಿಸಲು ತಡಮಾಡಬಾರದು.

ಪ್ರಯಾಣದ ಕಾಗದಪತ್ರಗಳಲ್ಲಿ ಮುಖ್ಯವಾದದ್ದು ಗ್ಲ್ಯಾಂಡರ್ಸ್ ಇಲ್ಲವೆಂಬ ಪರೀಕ್ಷೆಯ ವರದಿ. ಇದು ಮನುಷ್ಯರಿಗೂ ಹರಡಬಲ್ಲ, ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ನಮ್ಮ ದೇಶದಲ್ಲಿ ಇದರ ಪರೀಕ್ಷೆಗೆ ಹೆಸರಾದದ್ದು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ರಕ್ತದ ಮಾದರಿ ಕಳುಹಿಸಿ ವರದಿ ಬರುವವರೆಗಿನ ಸಮಯವನ್ನು ಲೆಕ್ಕಕ್ಕೆ ಹಿಡಿದು ಬೇಗನೆ ಪಶುವೈದ್ಯರನ್ನು ಕಾಣಬೇಕು. ಧನುರ್ವಾಯುವಿನ ಲಸಿಕೆಯೂ ಆಗಿರಬೇಕು.

ನಮ್ಮಲ್ಲಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಲಾರಿ ಹತ್ತುವುದು ಕೆಂಪಿಯ ಪಾಲಿಗೆ ಇನ್ನೊಂದು ಸಂಕವೇ ಆದ್ದರಿಂದ, ಹಲಗೆಯ ಪಾಠ ಅಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ನಿಂತ ಲಾರಿಯೊಳಗೆ ಹತ್ತಿಸಿ, ಹುಲ್ಲು ತಿನ್ನಿಸಿ, ಇಳಿಸುವುದನ್ನು ರೂಢಿ ಮಾಡಿ, ಆಮೇಲೆ ತೀರ್ಥಹಳ್ಳಿಯವರೆಗೆ ಒಯ್ದು ತಂದೆವು. ದೂರದ ಪ್ರಯಾಣದಲ್ಲಿ ಕುದುರೆಯ ತಲೆಯನ್ನು ಎತ್ತರಕ್ಕೆ ಕಟ್ಟಿದರೆ ಶ್ವಾಸನಾಳದ ಕಫ ಮತ್ತು ದೂಳು ಹೊರಬರಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಸೋಂಕು ತಗುಲುತ್ತದೆ. ಆದ್ದರಿಂದ ಹಗ್ಗವನ್ನು ತಲೆ ತಗ್ಗಿಸಲು ಬರುವಷ್ಟು ಉದ್ದ ಬಿಡಬೇಕು, ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಬೇಕು. ನಾವು ಸ್ಪರ್ಧೆಗೆ ಎರಡು ದಿನ ಮೊದಲೇ ಅಲ್ಲಿಗೆ ತಲುಪುವಂತೆ, ಬೆಳಗಿನ ಜಾವದ ತಂಪಿನಲ್ಲಿ ಹೊರಡುತ್ತೇವೆ.

ಸ್ಪರ್ಧೆಯ ದಿನದ ಬಗ್ಗೆ ನನ್ನ ನಿರ್ಧಾರ ಈಗಲೇ ಆಗಿದೆ. ಒಂದು ಅಡೆತಡೆಯನ್ನು ಬಿಟ್ಟರೆ ಅದರ ಅಂಕ ಹೋಗುತ್ತದೆ, ಮುಂದಿನದಕ್ಕೆ ಹೋಗಲು ಅಡ್ಡಿಯಿಲ್ಲ. ಕೆಂಪಿ ಯಾವುದರ ಮುಂದೆ ನಿಂತರೂ ಅದಕ್ಕೆ ನೋಡಲು ಬಿಡುತ್ತೇನೆ, ಕೇಳುತ್ತೇನೆ, ಮತ್ತೊಮ್ಮೆ ಕೇಳುತ್ತೇನೆ. ಆಗಲೂ ಮೈ ಬಿಗಿದೇ ಇದ್ದರೆ ಗೌರವದಿಂದ ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತೇನೆ. ನೀರಿನ ಹೊಂಡದಲ್ಲಿ ಹೀಗಾಗುವ ಸಂಭವ ಹೆಚ್ಚು. ಕೋಲಿನಿಂದ ಹೊಡೆದು ದಾಟಿಸಿ ಪಡೆಯುವ ಹತ್ತು ಅಂಕಕ್ಕಾಗಿ, ನಿಂತು ನೋಡಲು ಅವಕಾಶವಿದೆ ಎಂದು ಅದು ನನ್ನ ಮೇಲೆ ಇಟ್ಟಿರುವ ನಂಬಿಕೆಯನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ. ಮುಗಿದ ದಿನವೇ ಲಾರಿ ಹತ್ತಿಸದೆ ರಾತ್ರಿ ಅಲ್ಲೇ ಉಳಿಸಿ, ಮರುದಿನ ಎದೆಬಡಿತ ಮತ್ತು ಕಾಲುಗಳ ಬಿಸಿಯನ್ನು ನೋಡಿಕೊಂಡು ಹೊರಡುತ್ತೇವೆ. ಪ್ರಯಾಣದ ಜ್ವರ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳುವುದರಿಂದ ಊರಿಗೆ ಬಂದ ಮೇಲೂ ಬೆಳಗ್ಗೆ ಸಂಜೆ ಉಷ್ಣತೆ ಅಳೆಯುತ್ತೇವೆ, 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ವೈದ್ಯರಿಗೆ ಫೋನು, ದಾಟದಿದ್ದರೆ ಒಂದು ವಾರ ಬೇಣದಲ್ಲಿ ಮೇಯುವ ಬಿಡುವು.